ಹೊಳೆ ಇಳಿದಾಗ ಬನ್ನಿ, ಸಾಹೇಬ್ರೆ!

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಕುಳಿತು ಈ ಪತ್ರಿಕೆ ಓದುತ್ತಿರುವ ತಮ್ಮಂದಿರೇ, ತಂಗಿಯರೇ,

ನಡುಗಡ್ಡೆ ಎಂದ ಕೂಡಲೇ ನಿಮ್ಮ ಕಣ್ಣಮುಂದೆ ಏನು ಬರುತ್ತದೆ? ಅಂಡಮಾನ್, ಲಕ್ಷದ್ವೀಪ, ಬಹಳವಾದರೆ ಮಲ್ಪೆಯ ಸೇಂಟ್ ಮೇರೀಸ್. ನೀಲಿ ನೀರು, ರಜೆ, ಫೋಟೊ! ಆದರೆ ನಮ್ಮ ಒಣ ಬಯಲುಸೀಮೆಯಲ್ಲೂ ನಡುಗಡ್ಡೆಗಳಿವೆ. ನಮ್ಮ ಕಡೆ ಅವಕ್ಕೆ ಗಡ್ಡಿ ಅನ್ನುತ್ತಾರೆ. ಅಲ್ಲಿ ಜೋಳ ಬೆಳೆಯುವವರಿದ್ದಾರೆ, ಕುರಿ ಕಾಯುವವರಿದ್ದಾರೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಅವರ ಹೆಸರು ಕರ್ನಾಟಕದ ಮತದಾರರ ಪಟ್ಟಿಯಲ್ಲಿದೆ. ಐದು ವರ್ಷಕ್ಕೊಮ್ಮೆ ಮತಯಂತ್ರ ತಪ್ಪದೆ ಅವರ ಊರು ಮುಟ್ಟುತ್ತದೆ. ಸರ್ಕಾರ ಮಾತ್ರ ಮುಟ್ಟುವುದಿಲ್ಲ.

ಈ ಮಾತು ಹೇಳಲು ನಾನು ಯಾರು? ಶಿರಹಟ್ಟಿಯ ಒಬ್ಬ ಪ್ರೆಸ್ಸಿನವನು. ಪಿಯುಸಿ ಮುಗಿಸಿ ಅಪ್ಪನ ಟ್ರೆಡಲ್ ಮಶೀನಿನ ಮುಂದೆ ನಿಂತವನು. ಮದುವೆ ಕಾರ್ಡು, ಜಾತ್ರೆಯ ಪೋಸ್ಟರು, ಬಿಲ್ ಬುಕ್ಕು, ಪಂಚಾಯ್ತಿಯ ಕರಪತ್ರ ಅಚ್ಚು ಹಾಕಿ ಅನ್ನ ಉಣ್ಣುವವನು. ದೊಡ್ಡ ಓದು ನನಗಿಲ್ಲ. ಆದರೆ ಸರ್ಕಾರದ ಕಾಗದ ಹುಟ್ಟುವುದು ನನ್ನಂಥವರ ಮಶೀನಿನಲ್ಲೇ. ಯಾವ ಕಾಗದ ಜನರಿಗಾಗಿ ಹುಟ್ಟುತ್ತದೆ, ಯಾವುದು ಫೈಲಿಗಾಗಿ ಹುಟ್ಟುತ್ತದೆ ಎಂಬುದು ನಮಗೆ ವಾಸನೆಯಿಂದಲೇ ತಿಳಿಯುತ್ತದೆ.

ಸೋರೆಬುರುಡೆ ಕಟ್ಟಿಕೊಂಡ ಬಸುರಿ

2013ರ ಜುಲೈ ತಿಂಗಳ ಕೊನೆ. ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿ. ಕೃಷ್ಣೆಯ ನಡುವೆ ಇರುವ ಪುಟ್ಟ ಊರು. ಮೇಲೆ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಿದ್ದರು. ಹೊಳೆ ಎರಡೂ ಕಡೆ ತುಂಬಿ ಹರಿಯುತ್ತಿತ್ತು. ಹರಿಗೋಲು ಹಾಕುವಂತಿಲ್ಲ. ಊರಲ್ಲಿ ಆಸ್ಪತ್ರೆ ಇಲ್ಲ. ಒಂಬತ್ತು ತಿಂಗಳು ತುಂಬಿದ ಒಬ್ಬ ಹೆಣ್ಣುಮಗಳು ಒಣಗಿದ ಸೋರೆಬುರುಡೆ ಮೈಗೆ ಕಟ್ಟಿಕೊಂಡು, ಮನೆಯ ಗಂಡಸರ ಆಸರೆಯಲ್ಲಿ ಆ ಪ್ರವಾಹ ಈಜಿ ಆಚೆ ದಡ ಸೇರಿದಳು. ಕಕ್ಕೇರಾದ ಕಡೆ ಆಸ್ಪತ್ರೆ ಇತ್ತು, ಅದಕ್ಕೆ. ದೇಶದ ಪತ್ರಿಕೆಗಳೆಲ್ಲ ಬರೆದವು, ಟಿವಿಯವರು ಬಂದರು. ಸಾಹಸಿ, ಧೀರೆ ಎಂದು ಹೊಗಳಿದ್ದೇ ಹೊಗಳಿದ್ದು!

ನಾನು ಕೇಳುವುದು ಒಂದೇ. ಆ ತಾಯಿಗೆ ಸಾಹಸ ಯಾಕೆ ಬೇಕಾಯಿತು?

ಕೃಷ್ಣೆ ಯಾವ ತಿಂಗಳು ಏರುತ್ತಾಳೆ ಎಂಬುದು ನೀರಾವರಿ ಇಲಾಖೆಗೆ ಗೊತ್ತು. ಈ ಹೆಣ್ಣುಮಗಳು ಯಾವ ತಿಂಗಳು ಹೆರುತ್ತಾಳೆ ಎಂಬುದನ್ನು ತಿಳಿದಿರಬೇಕಾದದ್ದು ಆರೋಗ್ಯ ಇಲಾಖೆಯ ಕೆಲಸ. ಒಂದು ತಾರೀಖು ಒಂದು ಕಚೇರಿಯ ಕಪಾಟಿನಲ್ಲಿ, ಇನ್ನೊಂದು ತಾರೀಖು ಇನ್ನೊಂದು ಕಚೇರಿಯ ಕಪಾಟಿನಲ್ಲಿ. ಆ ಎರಡನ್ನೂ ಒಂದೇ ಜಮಖಾನದ ಮೇಲೆ ಇಟ್ಟು, "ಯವ್ವಾ, ನೀನು ಜೂನಿನಲ್ಲೇ ಈಚೆ ದಡಕ್ಕೆ ಬಂದುಬಿಡು, ಇರಲು ಜಾಗ ನಾವು ಕೊಡುತ್ತೇವೆ" ಎಂದು ಹೇಳುವವರು ಬೇಕಿತ್ತು. ಇದಕ್ಕೆ ಕೋಟಿ ರೂಪಾಯಿ ಬೇಕಿಲ್ಲ. ಒಂದು ಸಭೆ ಬೇಕು. ಬೇಸಿಗೆಯಲ್ಲಿ, ಗಡ್ಡಿಯ ಮೇಲೆ ನಡೆಯುವ ಒಂದು ಸಭೆ!

ನಾಲ್ಕು ಜೀವ, ಒಂದು ಹರಿಗೋಲು

ಅಲ್ಲಿಂದ ಹೊಳೆಯ ಗುಂಟ ಕೆಳಗೆ ಬನ್ನಿ. ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾ. ಇತ್ತ ಕರ್ನಾಟಕ, ಅತ್ತ ತೆಲಂಗಾಣ, ನಡುವೆ ಕೃಷ್ಣೆ, ಕೃಷ್ಣೆಯ ನಡುವೆ ಈ ಊರುಗಳು. ಸಂತೆಗೆ ಹೋಗಲು ಹರಿಗೋಲು, ಔಷಧಿಗೆ ಹರಿಗೋಲು, ರೇಷನ್ನಿಗೂ ಹರಿಗೋಲು. 2020ರ ಆಗಸ್ಟ್‌ನಲ್ಲಿ ತೆಲಂಗಾಣದ ಕಡೆಯ ದಡದಿಂದ ಕುರ್ವಕಲಾಕ್ಕೆ ಮರಳುತ್ತಿದ್ದ ಹರಿಗೋಲು ತುಂಬಿದ ಹೊಳೆಯಲ್ಲಿ ಮಗುಚಿತು. ಅದರಲ್ಲಿ 13 ಜನ ಇದ್ದರು. 9 ಜನ ಬದುಕಿದರು. 4 ಜನರನ್ನು ಹೊಳೆ ಒಯ್ದಿತು.

ಈ ಊರುಗಳಿಗೆ ಸೇತುವೆ ಮಂಜೂರಾಗಿರಲಿಲ್ಲವೇ? ಆಗಿತ್ತು! ಕೆಲಸವೂ ಶುರುವಾಗಿತ್ತು. ಹೊಳೆಯಲ್ಲಿ ಕಂಬಗಳು ಎದ್ದವು, ಆಮೇಲೆ ವರ್ಷಗಟ್ಟಲೆ ಬೋಳು ಕಂಬಗಳಾಗಿಯೇ ನಿಂತವು. ಪ್ರತಿ ವರ್ಷ ಆ ಕಂಬಗಳ ಪಕ್ಕದಲ್ಲೇ ಜನ ಹರಿಗೋಲು ಹಾಕಿ ದಾಟಿದರು. ಅರ್ಧ ಕಟ್ಟಿದ ಸೇತುವೆಗಿಂತ ಕ್ರೂರವಾದ ಹಾಸ್ಯ ಇನ್ನೊಂದಿದೆಯೇ?

ಗಡಿಯಲ್ಲಿ ಕನ್ನಡ ಉಳಿಯಬೇಕು ಎಂದು ನಾವು ಗಂಟಲು ಹರಿಯುವಂತೆ ಕೂಗುತ್ತೇವೆ. ಕೂಗಲೇಬೇಕು. ಆದರೆ ಗಡಿಯ ಊರಿನ ತಾಯಿ ಮಗುವಿನ ಜ್ವರಕ್ಕೆ ಯಾವ ದಡಕ್ಕೆ ಓಡುತ್ತಾಳೋ, ಆ ಮಗು ನಾಳೆ ಆ ದಡದ ನುಡಿಯನ್ನೇ ಕಲಿಯುತ್ತದೆ. ತೆಲುಗು ನಮ್ಮ ವೈರಿಯಲ್ಲ, ಗಡಿಯ ಜನ ಎರಡೂ ನುಡಿ ಬಲ್ಲವರು. ನಮ್ಮ ದೂರು ನಮ್ಮ ದಡದ ಮೇಲೆ. ದಾಟಿಸಲಾರದ ಸರ್ಕಾರ ಯಾವ ಮುಖ ಹೊತ್ತು ಅವರ ಮುಂದೆ ಬಾವುಟ ಹಾರಿಸುತ್ತದೆ?

ತುಮರಿ ಕಲಿಸಿದ ಪಾಠ

ಇನ್ನು ಮಲೆನಾಡಿನ ಕಥೆ. ಸಾಗರ ತಾಲ್ಲೂಕಿನ ತುಮರಿ ಕಡೆಯ ಊರುಗಳು ಹುಟ್ಟಿನಿಂದ ದ್ವೀಪಗಳಾಗಿರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಶರಾವತಿಯ ಹಿನ್ನೀರು ಹಬ್ಬಿತು, ಆ ಜನ ನೀರಿನ ಆಚೆ ಉಳಿದರು. ಅವರು ಕಳೆದುಕೊಂಡ ದಾರಿಯಿಂದ ನಾಡಿಗೆಲ್ಲ ಕರೆಂಟು ಬಂತು. ನೀವು ಓದಿದ ದೀಪದ ಬೆಳಕಿನಲ್ಲಿ ಅವರ ಪಾಲೂ ಇದೆ! ಅವರಿಗೆ ಸಿಕ್ಕಿದ್ದು ಹೊಳೆಬಾಗಿಲಿನ ಲಾಂಚು. ಸಂಜೆ ಲಾಂಚು ನಿಂತರೆ ರಾತ್ರಿ ಎದೆನೋವು ಬಂದವನ ಗತಿ ದೇವರೇ ಬಲ್ಲ.

ಆ ಜನ ಸುಮ್ಮನೆ ಕೂಡಲಿಲ್ಲ. ದಶಕಗಳ ಕಾಲ ಮನವಿ ಕೊಟ್ಟರು, ಧರಣಿ ಕೂತರು, ಬಂದ ಮಂತ್ರಿಗಳಿಗೆಲ್ಲ ಅದೇ ಮಾತು ಹೇಳಿದರು. 2025ರ ಜುಲೈ 14ರಂದು ಎರಡು ಕಿಲೋಮೀಟರಿಗೂ ಉದ್ದದ ಸಿಗಂದೂರು ಸೇತುವೆ ತೆರೆಯಿತು. ಅಣೆಕಟ್ಟು ಕಟ್ಟಿ 61 ವರ್ಷಗಳಾದ ಮೇಲೆ! ಅಜ್ಜ ಕೇಳಿದ ಸೇತುವೆಯ ಮೇಲೆ ಮೊಮ್ಮಗ ನಡೆದ.

ಒಂದು ಕಟು ಮಾತು ಹೇಳುತ್ತೇನೆ, ಕ್ಷಮಿಸಿ. ಸಿಗಂದೂರಿನ ಚೌಡೇಶ್ವರಿಗೆ ನಾಡಿನ ತುಂಬ ಭಕ್ತರಿದ್ದಾರೆ. ಆ ಭಕ್ತರ ಕಾರುಗಳೂ ಲಾಂಚಿನ ಸಾಲಿನಲ್ಲಿ ನಿಂತು ಬೆವರಿದವು. ಅದರಿಂದ ಸೇತುವೆಯ ಕೂಗು ರಾಜಧಾನಿಗೆ ಕೇಳಿಸಿತು. ಕುರ್ವಕಲಾದ ತಾಯಿಯ ಜೊತೆ ಸಾಲಿನಲ್ಲಿ ನಿಲ್ಲುವವರು ಯಾರು?

ಫೈಲಿಗೆ ಬೇಕ್ರಿ ಅಣ್ಣಾ!

ಕಾನೂನು ಏನು ಹೇಳುತ್ತದೆ ಗೊತ್ತೇ? 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಅದಕ್ಕೂ ಕೆಳಗೆ ವಾರ್ಡ್ ಸಭೆ ಇದೆ. ಯಾರಿಗೆ ಮನೆ ಬೇಕು, ಯಾವ ಕೆಲಸ ಮೊದಲು ಆಗಬೇಕು ಎಂದು ಜನ ಅಲ್ಲಿ ಹೇಳಬೇಕು. ಹಳ್ಳಿಯ ಕೈಗೆ ಅಧಿಕಾರ ಕೊಡಬೇಕೆಂದು ಅಬ್ದುಲ್ ನಜೀರ್ ಸಾಬ್ ಎಂಬತ್ತರ ದಶಕದಲ್ಲಿ ಹಗಲಿರುಳು ದುಡಿದರು. ಬೋರ್‌ವೆಲ್ ಕೊರೆಸಿ ನೀರ್ ಸಾಬ್ ಅನ್ನಿಸಿಕೊಂಡ ಆ ಮನುಷ್ಯ ಇಂದು ಇದ್ದಿದ್ದರೆ ಗಡ್ಡಿಯ ಜನರ ನೀರಿನ ಸಂಕಟ ನೋಡಿ ಏನನ್ನುತ್ತಿದ್ದರೋ!

ಈಗ ನನ್ನ ತಪ್ಪು ಒಪ್ಪಿಕೊಳ್ಳುವ ಸಮಯ. ಕೆಲವು ವರ್ಷಗಳ ಹಿಂದೆ ಒಂದು ಪಂಚಾಯ್ತಿಯಿಂದ ಒಬ್ಬ ನೌಕರ ಬಂದ. ಊರ ಹೆಸರು ಬೇಡ. ಗ್ರಾಮಸಭೆಯ ಕರಪತ್ರ ಆಗಬೇಕು ಎಂದ. ಕಂಪೋಸ್ ಮಾಡಿ ಪ್ರೂಫ್ ನೋಡುವಾಗ ತಾರೀಖು ಕಣ್ಣಿಗೆ ಬಿತ್ತು. ಮರುದಿನ ಬೆಳಿಗ್ಗೆ ಹತ್ತಕ್ಕೆ ಸಭೆ! ಅವನು ನನ್ನ ಮುಂದೆ ನಿಂತಾಗ ಸಂಜೆ ಆರು.

"ಇದನ್ನ ಯಾವಾಗ ಹಂಚ್ತೀರೋ ತಮ್ಮಾ?" ಎಂದೆ.

ನಕ್ಕ. "ಹಂಚೂದೆಲ್ಲಿ ಬಂತ್ರಿ? ಫೈಲಿಗೆ ಬೇಕ್ರಿ ಅಣ್ಣಾ. ಐವತ್ತು ಹೊಡೀರಿ, ಬಿಲ್ಲು ಸಾವಿರದ್ದು ಮಾಡ್ರಿ."

ಬಿಲ್ಲು ಸಾವಿರದ್ದು ಮಾಡಲಿಲ್ಲ. ಆದರೆ ಐವತ್ತು ಹೊಡೆದುಕೊಟ್ಟೆ, ದುಡ್ಡು ತಗೊಂಡೆ. ಮರುದಿನ ಆ ಸಭೆಗೆ ಎಷ್ಟು ಜನ ಬಂದರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಬಯಲಿನ ಊರಿನಲ್ಲೇ, ನಡೆದು ಹೋಗುವ ದೂರದಲ್ಲೇ ಸಭೆಯ ಸುದ್ದಿ ಮುಟ್ಟದಿದ್ದರೆ, ನಡುವೆ ಹೊಳೆ ಇರುವ ಊರಿಗೆ ಮುಟ್ಟೀತೇ? ಮುಟ್ಟಿದರೂ, ಒಂದು ಸಭೆಗಾಗಿ ಕೂಲಿ ಬಿಟ್ಟು, ಹರಿಗೋಲಿಗೆ ದುಡ್ಡು ಕೊಟ್ಟು, ಜೀವ ಕೈಯಲ್ಲಿ ಹಿಡಿದು ಬರುವವರು ಯಾರು? ನಡಾವಳಿಯಲ್ಲಿ ಮಾತ್ರ "ಸಾರ್ವಜನಿಕರಿಂದ ಆಕ್ಷೇಪಣೆ ಬಂದಿರುವುದಿಲ್ಲ" ಎಂದು ಅಂದವಾಗಿ ಬರೆದಿರುತ್ತದೆ!

ಮೇಲಿನ ಮಟ್ಟದ ಕಥೆ ಇನ್ನೂ ಚೆಂದ. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಗಡ್ಡಿಯವನ ಅರ್ಜಿಯನ್ನು ಹಿಡಿದು ಜಿಲ್ಲೆಯ ಸಭೆಯಲ್ಲಿ ಮೇಜು ಕುಟ್ಟಬೇಕಾದ ಕುರ್ಚಿಯೇ ಖಾಲಿ!

ಕೇಳದೆ ಕಟ್ಟಿದ ಮನೆಗಳು

ದೊಡ್ಡ ಸಾಹೇಬರು ಒಂದು ಮಾತು ಹೇಳುತ್ತಾರೆ. "ನಾಲ್ಕು ಮನೆಗೆ ಕೋಟಿಗಟ್ಟಲೆ ಸೇತುವೆ ಯಾಕೆ? ಎಬ್ಬಿಸಿ ದಡಕ್ಕೆ ತಂದುಬಿಡಿ." ಕೇಳಲು ಸರಿಯಾಗಿಯೇ ಇದೆ. ಕೆಲವು ಗಡ್ಡಿಗಳಿಗೆ ಅದೇ ಸರಿಯಿರಲೂಬಹುದು. ಆದರೆ ಅವರನ್ನು ಕೇಳಿದ್ದೀರಾ?

ನಮ್ಮ ಗದಗ ಜಿಲ್ಲೆಯನ್ನೇ ನೋಡಿ. ನರಗುಂದ ತಾಲ್ಲೂಕಿನ ಲಖಮಾಪುರ ಮಲಪ್ರಭೆ ಉಕ್ಕಿದಾಗಲೆಲ್ಲ ನಡುಗಡ್ಡೆಯಾಗುತ್ತದೆ. 2009ರಲ್ಲೂ ಆಯಿತು, 2019ರಲ್ಲೂ ಆಯಿತು. 2009ರ ನೆರೆಯ ನಂತರ ಉತ್ತರ ಕರ್ನಾಟಕದ ತುಂಬ ಆಸರೆ ಮನೆಗಳು ಎದ್ದವು. ಎಷ್ಟೋ ಕಡೆ ಅವು ಖಾಲಿ ಬಿದ್ದವು, ಜಾಲಿ ಬೆಳೆಯಿತು. ಯಾಕೆ? ಹೊಲ ಒಂದು ಕಡೆ, ಮನೆ ಇನ್ನೊಂದು ಕಡೆ. ಎತ್ತು ಕಟ್ಟಲು ಜಾಗ ಇಲ್ಲ, ಮೇವು ಒಟ್ಟಲು ಹಿತ್ತಲಿಲ್ಲ. ಕಟ್ಟುವ ಮೊದಲು ಒಂದು ದಿನ ಹೊಳೆದಂಡೆಯ ಕಟ್ಟೆಯ ಮೇಲೆ ಕೂತು ಕೇಳಿದ್ದರೆ ರೈತನ ಹೆಂಡತಿ ಐದು ನಿಮಿಷದಲ್ಲಿ ಇದನ್ನು ಹೇಳುತ್ತಿದ್ದಳು!

ನನ್ನ ಊರಿನ ಕಥೆಯೂ ಕೇಳಿ. ಸ್ವಾತಂತ್ರ್ಯಕ್ಕೆ ಮೊದಲು ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ ತಾಲ್ಲೂಕು. ದೊರೆ ದೂರದ ಸಾಂಗ್ಲಿಯಲ್ಲಿ, ಪ್ರಜೆ ಇಲ್ಲಿ, ನಡುವೆ ಪರರ ಸೀಮೆ. ನೀರಿಲ್ಲದೆಯೇ ನಡುಗಡ್ಡೆಯಾಗಿದ್ದೆವು. ನಮ್ಮ ದೂರು ನಮ್ಮ ನುಡಿಯಲ್ಲಿ ಕೇಳುವ ಸರ್ಕಾರ ಹತ್ತಿರದಲ್ಲಿ ಬೇಕು ಎಂದೇ ನಮ್ಮ ಹಿರಿಯರು ಏಕೀಕರಣಕ್ಕೆ ಹೋರಾಡಿದರು. 1956ರಲ್ಲಿ ನಾಡು ಒಂದಾಯಿತು. 1997ರಲ್ಲಿ ಗದಗ ಜಿಲ್ಲೆಯಾಯಿತು, ಕಚೇರಿ ಇನ್ನೂ ಹತ್ತಿರ ಬಂತು. ಆ ಭಾಗ್ಯ ಗಡ್ಡಿಯ ಜನರಿಗೆ ಇನ್ನೂ ಬಾಕಿ ಇದೆ. ಏಕೀಕರಣ ಮುಗಿದಿಲ್ಲ, ಗೆಳೆಯರೇ. ಕೊನೆಯ ಹರಿಗೋಲು ಇನ್ನೂ ಹೊಳೆಯಲ್ಲಿದೆ.

ನೀವೇನು ಮಾಡಬಹುದು?

ಇಷ್ಟು ಓದಿ ಅಯ್ಯೋ ಎಂದು ಪತ್ರಿಕೆ ಮಡಚಬೇಡಿ. ಕೆಲಸ ಇದೆ.

ಒಂದು: ಪ್ರತಿ ಗಡ್ಡಿಯಲ್ಲೂ ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ, ಹೊಳೆ ಇಳಿದಾಗ, ಗಡ್ಡಿಯ ಮೇಲೆಯೇ ಸಭೆ ಆಗಬೇಕು ಎಂದು ಒತ್ತಾಯಿಸಿ. ಪಂಚಾಯ್ತಿಯವರ ಜೊತೆ ನೀರಾವರಿ, ಆರೋಗ್ಯ, ಕಂದಾಯ ಇಲಾಖೆಯವರೂ ಬರಲಿ. ಪ್ರವಾಹ ಬಂದ ಮೇಲೆ ಬೋಟಿನಲ್ಲಿ ನಿಂತು ಕೈ ಬೀಸುವುದು ಸಾಕು.

ಎರಡು: ಆ ಸಭೆಯಲ್ಲಿ ಬಸುರಿಯರ, ರೋಗಿಗಳ, ಮುದುಕರ ಪಟ್ಟಿ ಆಗಬೇಕು. ಜೂನ್ ಹುಟ್ಟುವ ಮೊದಲು ಮೋಟಾರು ಬೋಟು, ಜೀವರಕ್ಷಕ ಜಾಕೆಟ್ಟು ದಡದಲ್ಲಿ ಇರಬೇಕು. ನೀರು ಬಿಡುವ ಸುದ್ದಿ ಊರಿನ ಯಾರ ಫೋನಿಗೆ ಬರುತ್ತದೆ ಎಂಬುದು ಅಲ್ಲೇ ಗೊತ್ತಾಗಬೇಕು.

ಮೂರು: ನಡಾವಳಿಯನ್ನು ಜನರಿಗೆ ತಿಳಿಯುವ ಸರಳ ಕನ್ನಡದಲ್ಲಿ ಬರೆದು, ಅಲ್ಲೇ ಓದಿ ಹೇಳಿ, ಶಾಲೆಯ ಗೋಡೆಗೆ ಹಚ್ಚಬೇಕು. ಪ್ರತಿ ಬೇಡಿಕೆಯ ಮುಂದೆ ಆಗುತ್ತದೆ ಅಥವಾ ಆಗುವುದಿಲ್ಲ ಎಂಬ ಉತ್ತರ, ಆಗುವುದಾದರೆ ತಾರೀಖು. "ಪರಿಶೀಲಿಸಲಾಗುವುದು" ಎಂಬ ಪದವನ್ನು ಕನ್ನಡದಿಂದಲೇ ಗಡೀಪಾರು ಮಾಡಿ!

ನಾಲ್ಕು: ನಗರದಲ್ಲಿರುವ ನಿಮ್ಮ ಕೈಯಲ್ಲಿ ಒಂದು ಅಸ್ತ್ರ ಇದೆ, 2005ರ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಒಂದು ಚಹಾದ ದುಡ್ಡು. ಗಡ್ಡಿಯಲ್ಲಿ ಕಳೆದ ಎರಡು ವರ್ಷ ಎಷ್ಟು ವಾರ್ಡ್ ಸಭೆ ನಡೆದವು, ಎಲ್ಲಿ ನಡೆದವು, ಎಷ್ಟು ಜನ ಸಹಿ ಮಾಡಿದರು, ನಡಾವಳಿಯ ಪ್ರತಿ ಕೊಡಿ ಎಂದು ಕನ್ನಡದಲ್ಲಿ ಕೇಳಿ. 30 ದಿನಗಳಲ್ಲಿ ಉತ್ತರ ಕೊಡಲೇಬೇಕು. ಒಬ್ಬ ಕೇಳಿದರೆ ಫೈಲಿನ ಕೆಳಗೆ ಸೇರಿಸುತ್ತಾರೆ. ನೂರು ಜನ ಕೇಳಿದರೆ ಫೈಲೇ ಎದ್ದು ಹರಿಗೋಲು ಹತ್ತುತ್ತದೆ!

ನನ್ನ ಪಾಲು ನಾನು ಹೇಳಿಬಿಡುತ್ತೇನೆ. ಯಾವ ಗಡ್ಡಿಯಲ್ಲಾದರೂ ಇಂಥ ಸಭೆ ನಿಜವಾಗಿ ಆಗುವುದಾದರೆ ಅದರ ಕರಪತ್ರ ನನ್ನ ಪ್ರೆಸ್ಸಿನಲ್ಲಿ ಪುಕ್ಕಟೆ. ಕಾಗದ ನನ್ನದು, ಶಾಯಿ ನನ್ನದು, ದುಡಿಮೆ ನನ್ನದು. ಒಂದೇ ಕರಾರು: ಸಭೆಗೆ ಹದಿನೈದು ದಿನ ಮೊದಲು ಬರಬೇಕು, ಅಚ್ಚಾದ ಕಟ್ಟು ನನ್ನ ಕಣ್ಣೆದುರೇ ಹರಿಗೋಲು ಹತ್ತಬೇಕು. ಅಂದು ಹೊಡೆದುಕೊಟ್ಟ ಆ ಐವತ್ತು ಕರಪತ್ರಗಳ ಸಾಲ ನನ್ನ ತಲೆಯ ಮೇಲಿದೆ. ಅದನ್ನು ತೀರಿಸದೆ ನನಗೆ ನಿದ್ದೆ ಇಲ್ಲ.

ನವೆಂಬರ್ ಒಂದಕ್ಕೆ ನೀವು ಬಾವುಟ ಕಟ್ಟುತ್ತೀರಿ. ಕಟ್ಟಿ, ನಾನೂ ಕಟ್ಟುತ್ತೇನೆ. ಮಾರ್ಚ್ ಬಂದಾಗ ಮಾತ್ರ ಒಮ್ಮೆ ಕೃಷ್ಣೆಯ ಕಡೆ ತಿರುಗಿ ನೋಡಿ. ಆಗ ಹೊಳೆ ಇಳಿದಿರುತ್ತದೆ. ಸಾಹೇಬರಿಗೆ ನೆಪ ಹೇಳಲು ಜಾಗ ಇರುವುದಿಲ್ಲ.