ಕಾಯಬಹುದು, ಆಸ್ಪತ್ರೆ ಹತ್ತಿರವಿದ್ದರೆ

ನಿಂತಾಗ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಕೆಮ್ಮಿದರೆ ಡಾಕ್ಟರ ಬೆರಳನ್ನು ಅದು ಒಳಗಿನಿಂದ ಒತ್ತುತ್ತದೆ, ಅಂಗಾತ ಮಲಗಿದರೆ ಮಾಯ. ನೋವಿಲ್ಲ. ಇಂಥ ಹರ್ನಿಯಾಕ್ಕೆ ಕೂಡಲೇ ಆಪರೇಷನ್ ಬೇಕೇ, ಕಾದು ನೋಡಬಹುದೇ? ಕಳಕ್ಕೂಟಂನ ಟೆಕ್ನೋಪಾರ್ಕಿನಲ್ಲಿ ದುಡಿಯುವ ಕನ್ನಡಿಗನಿಗೂ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಅಡಿಕೆ ಕೃಷಿಕನಿಗೂ ಎದುರಾಗುವ ಪ್ರಶ್ನೆ ಒಂದೇ. ಉತ್ತರ ಒಂದೇ ಆಗಬೇಕಿಲ್ಲ.

ಉಬ್ಬಿನೊಳಗೆ ಕರುಳು ಸಿಕ್ಕಿಕೊಂಡು ರಕ್ತ ಸಂಚಾರ ನಿಂತರೆ ಜೀವಕ್ಕೇ ಸಂಚಕಾರ. ಆ ಭಯದಿಂದಲೇ ಹರ್ನಿಯಾ ಕಂಡೊಡನೆ ಆಪರೇಷನ್ ಮಾಡುವುದು ಬಹುಕಾಲದ ರೂಢಿಯಾಗಿತ್ತು. ಅದನ್ನು ಸಡಿಲಿಸಿದ್ದು 2006ರಲ್ಲಿ ಪ್ರಕಟವಾದ, ಶಸ್ತ್ರಚಿಕಿತ್ಸಕ ಫಿಟ್ಜ್‌ಗಿಬ್ಬನ್ಸ್ ಅವರ ತಂಡ ಉತ್ತರ ಅಮೆರಿಕದ ಐದು ಕೇಂದ್ರಗಳ 720 ಗಂಡಸರ ಮೇಲೆ ನಡೆಸಿದ ಅಧ್ಯಯನ. ನೋವು ಅಷ್ಟಾಗಿ ಇಲ್ಲದ ಸಾವಿರ ಮಂದಿಯನ್ನು ಒಂದು ವರ್ಷ ಗಮನಿಸಿದರೆ, ಇಂಥ ತುರ್ತು ಬರುವುದು ಇಬ್ಬರಿಗೂ ಇಲ್ಲ ಎಂದು ಅದು ತೋರಿಸಿತು. 2013ರ ಮುಂದುವರಿದ ವರದಿ ಇನ್ನೊಂದು ಮುಖವನ್ನು ಬಿಚ್ಚಿಟ್ಟಿತು: ಕಾದವರಲ್ಲಿ ಹತ್ತು ವರ್ಷದೊಳಗೆ ಆಪರೇಷನ್ ಮಾಡಿಸಿಕೊಳ್ಳುವವರು ಶೇ 68, ವಯಸ್ಸು 65 ದಾಟಿದವರಲ್ಲಿ ಶೇ 79. ಹೆಚ್ಚಿನವರನ್ನು ಅಲ್ಲಿಗೆ ತಂದದ್ದು ನೋವು.

ಅಂದಮೇಲೆ ಕಾಯುವುದೆಂದರೆ ಬಹುಪಾಲು ಮುಂದೂಡುವುದೇ. ಹಾಗೆಂದು ಅದು ವ್ಯರ್ಥವಲ್ಲ. ಜಾಲರಿ ಇಟ್ಟು ಹೊಲಿದ ಮೇಲೂ ಸುಮಾರು ಹತ್ತರಲ್ಲಿ ಒಬ್ಬರನ್ನು ನೋವು ತಿಂಗಳುಗಟ್ಟಲೆ ಕಾಡುತ್ತದೆ. ಇಲ್ಲದ ನೋವನ್ನು ಇವತ್ತೇ ಯಾಕೆ ಕೊಂಡು ತರಬೇಕು ಎಂಬ ಮಾತು ನ್ಯಾಯವೇ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಉಬ್ಬು ಗಟ್ಟಿಯಾಗಿ, ಒಳಗೆ ಹೋಗದೆ, ನೋವು, ವಾಂತಿ ಶುರುವಾದರೆ ಕೆಲವೇ ಗಂಟೆಗಳಲ್ಲಿ ಆಪರೇಷನ್ ಟೇಬಲ್ ಸೇರಬೇಕು. ಕಾಯುವ ಸಲಹೆ ನಿಂತಿರುವುದೇ ಈ ಭರವಸೆಯ ಮೇಲೆ. ಕಳಕ್ಕೂಟಂನವರಿಗೆ ತಿರುವನಂತಪುರದ ಮೆಡಿಕಲ್ ಕಾಲೇಜು ಸುಮಾರು 10 ಕಿಲೋಮೀಟರ್. ಕಾಸರಗೋಡಿನವರು ದೊಡ್ಡ ಚಿಕಿತ್ಸೆಗೆ ನೆಚ್ಚಿಕೊಂಡದ್ದು ರಾಜ್ಯದ ಗಡಿಯಾಚೆ, ಕಾಸರಗೋಡು ಪಟ್ಟಣದಿಂದ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರನ್ನು. 2020ರ ಲಾಕ್‌ಡೌನಿನಲ್ಲಿ ಕರ್ನಾಟಕ ತಲಪಾಡಿ ಗಡಿ ಮುಚ್ಚಿತು; ಮಂಗಳೂರು ತಲುಪಲಾರದೆ ಕಾಸರಗೋಡಿನ ರೋಗಿಗಳು ಸತ್ತರು. 2013ರಲ್ಲೇ ಅಡಿಗಲ್ಲು ಬಿದ್ದಿದ್ದ, ಕಾಸರಗೋಡು ಜಿಲ್ಲೆಯದೇ ಆದ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಆಗ ತೆರೆದದ್ದು ಕೋವಿಡ್ ಆಸ್ಪತ್ರೆಯಾಗಿ.

ದೂರವೊಂದೇ ಅಲ್ಲ, ರೋಗಿ ಯಾರೆಂಬುದೂ ಮುಖ್ಯ. ಆ ಅಧ್ಯಯನದಲ್ಲಿ ಹೆಂಗಸರಿರಲಿಲ್ಲ. ತೊಡೆಯ ಬುಡದಲ್ಲಿ ಏಳುವ, ಕರುಳನ್ನು ಬೇಗ ಹಿಸುಕುವ ಫೀಮೋರಲ್ ಹರ್ನಿಯಾ ಹೆಂಗಸರಲ್ಲೇ ಹೆಚ್ಚು. ಅವರಿಗೆ ಕಾಯುವ ಸಲಹೆ ಸಲ್ಲದು.

ನೋವಿಲ್ಲದ, ಆಸ್ಪತ್ರೆ ಹತ್ತಿರವಿರುವ ಗಂಡಸು ಕಾಯಲಿ, ವರ್ಷಕ್ಕೊಮ್ಮೆ ತೋರಿಸಿಕೊಳ್ಳಲಿ. ಹೊರೆ ಹೊರುವ, ನಡುರಾತ್ರಿ ವಾಹನ ಸಿಗದ ಊರಿನವನು ಮೈಯಲ್ಲಿ ಕಸುವಿರುವಾಗಲೇ ಬಿಡುವು ನೋಡಿ ಮಾಡಿಸಿಕೊಳ್ಳುವುದು ಜಾಣತನ. ಕಾಯಬಹುದು ಎಂದು ಹೇಳುವ ಮೊದಲು ಡಾಕ್ಟರು ಉಬ್ಬಿನ ಗಾತ್ರದ ಜೊತೆಗೆ ಊರಿನ ಹೆಸರನ್ನೂ ಕೇಳಬೇಕು.