ಬಿಚ್ಚಿ ತಂದ ಮೋಟಾರು, ಕಟ್ಟಬೇಕಾದ ಸುಂಕ

ಹಡಗಿನಿಂದ ಇಳಿದ ಪೆಟ್ಟಿಗೆಗಳಲ್ಲಿ ಬಾಗಿಲು, ಚಕ್ರ, ಎಂಜಿನ್, ಆಸನ, ದೀಪಗಳೆಲ್ಲವೂ ಬೇರೆಬೇರೆಯಾಗಿ ಅಡಕವಾಗಿದ್ದರೆ, ಸುಂಕದ ಅಧಿಕಾರಿಯ ಮುಂದಿರುವುದು ಮೋಟಾರು ಕಾರೋ ಅಥವಾ ಕಾರಿನ ಬಿಡಿಭಾಗಗಳೋ ಎಂಬ ಪ್ರಶ್ನೆ ಮೇಲುನೋಟಕ್ಕೆ ತಾರ್ಕಿಕರ ವಿನೋದದಂತೆ ತೋರಬಹುದು. ಆದರೆ ಈ ಒಂದು ಪ್ರಶ್ನೆಯ ಮೇಲೆಯೇ 2024ರ ಸೆಪ್ಟೆಂಬರಿನಲ್ಲಿ ಸ್ಕೋಡಾ ಆಟೋ ಫೋಕ್ಸ್‌ವ್ಯಾಗನ್ ಇಂಡಿಯಾ ಕಂಪನಿಗೆ 140 ಕೋಟಿ ಡಾಲರುಗಳ, ಎಂದರೆ ಸುಮಾರು 12,000 ಕೋಟಿ ರೂಪಾಯಿಗಳ ಸುಂಕದ ನೋಟೀಸು ಜಾರಿಯಾಯಿತು. ಕಂಪನಿಯು ಹೆಚ್ಚುಕಡಮೆ ಇಡೀ ಕಾರುಗಳನ್ನೇ ಬಿಚ್ಚಿದ ಸ್ಥಿತಿಯಲ್ಲಿ ತರಿಸಿಕೊಂಡು, ಅವು ಒಟ್ಟಿಗೆ ಬಾರದೆ ಬೇರೆ ಬೇರೆ ರವಾನೆಗಳಲ್ಲಿ ಬಂದಿಳಿಯುವಂತೆ ಏರ್ಪಡಿಸಿ, ಶೇಕಡ 30ರಿಂದ 35ರಷ್ಟು ತೆರಬೇಕಾದಲ್ಲಿ ಬಿಡಿಭಾಗಗಳ ಲೆಕ್ಕದಲ್ಲಿ ಶೇಕಡ 5ರಿಂದ 15ರಷ್ಟನ್ನು ಮಾತ್ರ ತೆತ್ತಿತೆಂಬುದು ಇಲಾಖೆಯ ಆಪಾದನೆ. ತನ್ನ ಕ್ರಮವನ್ನು 2011ರಲ್ಲಿಯೇ ಸರ್ಕಾರಕ್ಕೆ ಅರಿಕೆ ಮಾಡಿದ್ದೆನೆಂಬುದು ಕಂಪನಿಯ ವಾದ. ವ್ಯಾಜ್ಯವು ಮುಂಬಯಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಅದರ ಗುಣದೋಷಗಳನ್ನು ನಿರ್ಣಯಿಸುವುದು ನ್ಯಾಯಾಸನದ ಕೆಲಸವೇ ಹೊರತು ಅಂಕಣಕಾರನದಲ್ಲ. ಆದರೆ ಇಂತಹ ವ್ಯಾಜ್ಯ ಹುಟ್ಟುವುದಕ್ಕೆ ಆಸ್ಪದ ಕೊಟ್ಟ ನಿಯಮದ ವಿಚಾರವಾಗಿ ನಾಲ್ಕು ಮಾತು ಆಡಬಹುದು.

ಮೂಲಸೂತ್ರವೇನೋ ಸ್ಪಷ್ಟವಾಗಿಯೇ ಇದೆ. 1975ರ ಸುಂಕ ದರ ಕಾಯಿದೆಯ ಮೊದಲನೆಯ ಪರಿಶಿಷ್ಟದ ಆರಂಭದಲ್ಲಿರುವ ಅರ್ಥನಿರ್ಣಯ ನಿಯಮಗಳ ಪೈಕಿ ಎರಡನೆಯದರ ‘ಎ’ ಭಾಗದ ಪ್ರಕಾರ, ವಸ್ತುವೊಂದು ಅಪೂರ್ಣವಾಗಿದ್ದರೂ ಪೂರ್ಣವಸ್ತುವಿನ ಸಾರಭೂತವಾದ ಲಕ್ಷಣ ಅದರಲ್ಲಿದ್ದರೆ ಅದನ್ನು ಪೂರ್ಣವಸ್ತುವೆಂದೇ ಎಣಿಸತಕ್ಕದ್ದು. ಬಿಚ್ಚಿ ತಂದದ್ದನ್ನು ಜೋಡಿಸಿ ತಂದದ್ದರಂತೆಯೇ ಕಾಣತಕ್ಕದ್ದು. ಜಗತ್ತಿನ ಬಹುತೇಕ ರಾಷ್ಟ್ರಗಳಿಗೆ ಸಮಾನವಾದ ಈ ನಿಯಮಕ್ಕೆ ಬ್ರಸೆಲ್ಸ್ ನಗರದ ವಿಶ್ವ ಸುಂಕ ಸಂಸ್ಥೆಯವರು ಬರೆದಿರುವ ವಿವರಣೆ ಇನ್ನಷ್ಟು ಸೂಕ್ಷ್ಮವಾದುದು: ಭಾಗಗಳನ್ನು ತಿರುಪಿನಿಂದಲೋ, ನಟ್ಟು ಬೋಲ್ಟುಗಳಿಂದಲೋ, ರಿವೆಟ್ಟಿನಿಂದಲೋ, ಬೆಸುಗೆಯಿಂದಲೋ ಕೂಡಿಸುವುದಷ್ಟೇ ಉಳಿದಿದ್ದರೆ, ಆ ಕೂಡಿಕೆ ಎಷ್ಟೇ ಜಟಿಲವಾಗಿದ್ದರೂ ಅದನ್ನು ಗಣನೆಗೆ ತೆಗೆದುಕೊಳ್ಳಬೇಕಾಗಿಲ್ಲ, ಆದರೆ ಭಾಗವನ್ನು ಕೊರೆದು, ಕತ್ತರಿಸಿ, ತಿದ್ದಿ ಪೂರ್ಣಗೊಳಿಸುವ ಕೆಲಸ ಬಾಕಿಯಿದ್ದಲ್ಲಿ ಈ ನಿಯಮ ಸಲ್ಲದು, ಒಂದು ವಾಹನಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿ ಬಂದ ಬಿಡಿಭಾಗಗಳಿಗೆ ಬೇರೆಯೇ ಲೆಕ್ಕ. ತೊಡಕು ಇರುವುದು ಬೇರೊಂದು ಕಡೆ. ನಿಯಮವು ಅಧಿಕಾರಿಯ ಮುಂದೆ ಒಟ್ಟಾಗಿ ಹಾಜರಾದ ಸರಕಿನ ಮಾತನ್ನು ಹೇಳುತ್ತದೆಯೇ ಹೊರತು, ಈ ವಾರ ಬಾಗಿಲು, ಮುಂದಿನ ವಾರ ಎಂಜಿನ್ ಬಂದರೆ ಏನು ಗತಿ ಎಂಬುದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಈ ತೊಡಕು ಇಂದಿನದೂ ಅಲ್ಲ. ಹಳೆಯ ಸಾಗರ ಸುಂಕ ಕಾಯಿದೆಯ ಕಾಲದಲ್ಲಿ, ಸ್ಕೂಟರು ಮತ್ತು ಮೋಟಾರು ಸೈಕಲ್ಲುಗಳ ಬಿಡಿಭಾಗಗಳನ್ನು ತರಿಸಲು ಪರವಾನಗಿ ಪಡೆದಿದ್ದ ವರ್ತಕರೊಬ್ಬರು ತರಿಸಿದ ಸರಕನ್ನು ಬಿಚ್ಚಿ ನೋಡಿದ ಅಧಿಕಾರಿಗಳು, ಎಲ್ಲವನ್ನೂ ಕೂಡಿಸಿದರೆ ಜರ್ಮನಿಯ ರಿಕ್ಸೆ ಮೊಪೆಡ್ಡುಗಳು ಐವತ್ತೊಂದು ಆಗುತ್ತವೆಂದು ಲೆಕ್ಕಹಾಕಿದರು. ಟೈರು, ಟ್ಯೂಬು, ಆಸನಗಳು ಮಾತ್ರ ಆ ಪೆಟ್ಟಿಗೆಗಳಲ್ಲಿ ಇರಲಿಲ್ಲ. ಇವು ಬಿಡಿಭಾಗಗಳಲ್ಲ, ಬಿಚ್ಚಿದ ಮೊಪೆಡ್ಡುಗಳೇ ಎಂದು ಇಲಾಖೆ ದಂಡ ಹಾಕಿತು. ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ 1971ರಲ್ಲಿ ತಾರಾಚಂದ್ ಗುಪ್ತರ ಪ್ರಕರಣವೆಂದು ಇತ್ಯರ್ಥವಾಯಿತು. ಪರವಾನಗಿಯಲ್ಲಿ ಬಿಡಿಭಾಗಗಳೆಂದಿದ್ದರೆ, ಬಂದದ್ದು ಬಿಡಿಭಾಗಗಳೇ ಆಗಿದ್ದರೆ, ಅವುಗಳನ್ನು ಮನಸ್ಸಿನಲ್ಲಿ ಜೋಡಿಸಿ ನೋಡಿ ಬೇರೆ ವಸ್ತುವೆಂದು ಕರೆಯುವ ಅಧಿಕಾರ ಸುಂಕದವನಿಗಿಲ್ಲವೆಂದು ತೀರ್ಪಾಯಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಫಲವೆಂದು ನಮ್ಮ ಗಾದೆ. ಆ ವರ್ತಕನು ಮಾತ್ರ ಹೇಳಿಕೊಂಡು ಗೆದ್ದನು. ಆದರೆ ಗಾಳಿ ಒಂದೇ ದಿಕ್ಕಿಗೆ ಬೀಸಲಿಲ್ಲ. ನಕಲು ಯಂತ್ರಗಳ ಭಾಗಗಳೆಂದು ಬೇರೆ ಬೇರೆ ಕಾಗದಪತ್ರಗಳಡಿ ಸರಕು ತರಿಸಿದ್ದ ಕಂಪನಿಯೊಂದಕ್ಕೂ ಬೆಂಗಳೂರಿನ ಸುಂಕ ಕಲೆಕ್ಟರಿಗೂ ನಡೆದ ವ್ಯಾಜ್ಯದಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ, ಇವೆಲ್ಲವೂ ಸೇರಿ ಪೂರ್ಣ ಯಂತ್ರಗಳೇ ಆಗುವುದರಿಂದ ಇದು ಕಾನೂನನ್ನು ತಪ್ಪಿಸುವ ಉಪಾಯವೆಂದು ಹೇಳಿ ಇಲಾಖೆಯ ಪಕ್ಷವನ್ನು ಎತ್ತಿಹಿಡಿಯಿತು. ಮೊದಲನೆಯದು ಪರವಾನಗಿಯ ಒಕ್ಕಣೆಯನ್ನು ನೋಡಿತು, ಎರಡನೆಯದು ವರ್ತಕನ ಉದ್ದೇಶವನ್ನು ನೋಡಿತು. ಇಂದಿನ ವಕೀಲರು ತಮಗೆ ಅನುಕೂಲವಾದುದನ್ನು ಆರಿಸಿಕೊಳ್ಳುತ್ತಾರೆ.

ಬಿಚ್ಚಿ ತಂದು ಇಲ್ಲಿ ಜೋಡಿಸುವ ಪದ್ಧತಿಗೆ ನಮ್ಮ ದೇಶದಲ್ಲಿ ಶತಮಾನದ ವಯಸ್ಸಾಗುತ್ತ ಬಂದಿದೆ. ಜನರಲ್ ಮೋಟಾರ್ಸ್ ಕಂಪನಿಯು 1928ರಲ್ಲಿಯೇ ಮುಂಬಯಿಯಲ್ಲಿ ಜೋಡಣೆಯ ಕಾರ್ಖಾನೆಯನ್ನು ತೆರೆದಿತ್ತು. ಜೋಡಿಸುವುದು ಬೇರೆ, ತಯಾರಿಸುವುದು ಬೇರೆ ಎಂಬುದನ್ನು ಚೆನ್ನಾಗಿ ಅರಿತಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಮೂವತ್ತರ ದಶಕದಲ್ಲಿ ಯುರೋಪು ಅಮೆರಿಕಗಳ ಕಾರ್ಖಾನೆಗಳನ್ನು ಕಂಡುಬಂದು, ಸ್ವದೇಶದಲ್ಲಿಯೇ ಮೋಟಾರು ತಯಾರಿಸುವ ಯೋಜನೆಯನ್ನು ಸಿದ್ಧಪಡಿಸಿ, ಉದ್ಯಮಿ ವಾಲ್‌ಚಂದ್ ಹೀರಾಚಂದರೊಡನೆ ಅದಕ್ಕಾಗಿ ಹೆಣಗಿದರು. ಮೈಸೂರು ಸರ್ಕಾರ ಒಲವು ತೋರಿದರೂ ಬ್ರಿಟಿಷರ ಭಾರತ ಸರ್ಕಾರ ಒಪ್ಪದೆ ಹೋಯಿತು. ಸ್ವಾತಂತ್ರ್ಯಾನಂತರ, 1953ರ ಸುಂಕ ಆಯೋಗದ ಶಿಫಾರಸಿನ ಬಳಿಕ, ತಯಾರಿಕೆಯ ಕಾರ್ಯಕ್ರಮವಿಲ್ಲದೆ ಬರಿಯ ಜೋಡಣೆಯಲ್ಲಿ ತೊಡಗಿದ್ದವರಿಗೆ ಇಲ್ಲಿ ನೆಲೆಯಿಲ್ಲವೆಂದಾಗಿ, ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಎರಡೂ ಹೊರನಡೆದವು. ಆಗಿನ ನೀತಿ ಕಠಿಣವಾಗಿತ್ತೆಂಬುದು ನಿಜ. ಆದರೆ ಅದರಲ್ಲಿ ಗೊಂದಲವಿರಲಿಲ್ಲ.

ಈಗಿನ ನೀತಿ ಹಾಗಿಲ್ಲ. ಬಾಗಿಲನ್ನು ಮುಚ್ಚುವ ಬದಲು ಸರ್ಕಾರವು ಮೆಟ್ಟಿಲುಗಳನ್ನು ಕಟ್ಟಿತು. 2011ರ ಮುಂಗಡಪತ್ರದಲ್ಲಿ ಸಿಕೆಡಿ ಕಿಟ್, ಎಂದರೆ ಪೂರ್ತಿ ಬಿಚ್ಚಿದ ವಾಹನದ ಭಾಗಗಳ ಕಟ್ಟು, ಏನೆಂಬುದಕ್ಕೆ ಲಕ್ಷಣ ಹೇಳಿ, ಎಂಜಿನ್ ಅಥವಾ ಗೇರ್‌ಬಾಕ್ಸನ್ನು ಮೊದಲೇ ಜೋಡಿಸಿ ತಂದರೆ ಆಗಿನ ಶೇಕಡ 10ರ ರಿಯಾಯತಿ ದರ ಸಲ್ಲದೆಂದು ವಿಧಿಸಿದರು. ಕಾರು ಕಂಪನಿಗಳು ಗೋಳಿಟ್ಟ ಮೇಲೆ ಅಂತಹವಕ್ಕೆ ಶೇಕಡ 30ರ ನಡುವಣ ದರವೊಂದನ್ನು ಕಲ್ಪಿಸಿದರು. ಶೇಕಡ 10ರ ದರ 2018ರಲ್ಲಿ 15ಕ್ಕೂ, 30ರ ದರ 2023ರಲ್ಲಿ 35ಕ್ಕೂ ಏರಿದವು. ಸಂಪೂರ್ಣವಾಗಿ ಜೋಡಿಸಿದ ಕಾರಿನ ಮೇಲಿನ ದರ ಅದೇ 2023ರಲ್ಲಿ 60ರಿಂದ 70ಕ್ಕೆ ಹೋಯಿತು, 40,000 ಡಾಲರು ಮೀರಿದ ಕಾರಿಗಂತೂ ಅದು ಬೆಲೆಯನ್ನೇ ಇಮ್ಮಡಿಗೊಳಿಸುವಷ್ಟಿತ್ತು. ಪರಿಣಾಮವೆಂದರೆ, ಎಂಜಿನ್ನಿನ ಬೋಲ್ಟುಗಳನ್ನು ಜರ್ಮನಿಯಲ್ಲಿ ಬಿಗಿದರೆ ಒಂದು ಸುಂಕ, ಇಲ್ಲಿ ಬಿಗಿದರೆ ಅದರ ಅರ್ಧಕ್ಕಿಂತ ಕಡಮೆ. ಇಲ್ಲಿಯೇ ಬಿಗಿದದ್ದರಿಂದ ನಾಲ್ಕು ಮಂದಿಗೆ ಕೆಲಸ ದೊರೆಯುವುದನ್ನು ನಾನು ಅಲ್ಲಗಳೆಯುವುದಿಲ್ಲ. 2017ರಿಂದ ಹೊಸಕೋಟೆಯ ಬಳಿ ವೋಲ್ವೊ ಕಾರುಗಳನ್ನೂ, 2020ರಿಂದ ಬಿಡದಿಯಲ್ಲಿ ಲೆಕ್ಸಸ್ ಕಾರುಗಳನ್ನೂ ಜೋಡಿಸುತ್ತಿರುವುದಕ್ಕೆ ಈ ಮೆಟ್ಟಿಲುಗಳೂ ಒಂದು ಕಾರಣವೇ. ಆದರೆ ಮೆಟ್ಟಿಲಿಗೂ ಮೆಟ್ಟಿಲಿಗೂ ನಡುವೆ ಇಪ್ಪತ್ತು ಮೂವತ್ತು ಶೇಕಡದ ಅಂತರವನ್ನಿಟ್ಟ ಮೇಲೆ, ಕೆಳಗಿನ ಮೆಟ್ಟಿಲಲ್ಲಿ ನಿಂತಂತೆ ಕಾಣಿಸಿಕೊಳ್ಳುವ ಕಲೆಗೆ ಸರ್ಕಾರವೇ ಬಹುಮಾನವನ್ನು ಘೋಷಿಸಿದಂತಾಯಿತು.

ಚೀನ ಬೇರೊಂದು ದಾರಿ ಹಿಡಿದಿತ್ತು. ಆಮದಾದ ಭಾಗಗಳು ವಾಹನದ ಬೆಲೆಯಲ್ಲಿ ಶೇಕಡ 60ಕ್ಕೆ ಮುಟ್ಟಿದರೆ ಇಡೀ ಕಾರಿಗೆ ಹಾಕುವ ಶೇಕಡ 25ರ ದರವನ್ನೇ ಭಾಗಗಳ ಮೇಲೂ ಹಾಕುತ್ತಿತ್ತು. ಅಮೆರಿಕ, ಕೆನಡ, ಯುರೋಪಿನವರು ದೂರು ಕೊಟ್ಟ ಮೇಲೆ, 2008ರಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ಚೀನ ಸೋತು, ಮರುವರ್ಷ ಆ ವಿಧಿಯನ್ನು ಹಿಂತೆಗೆದುಕೊಂಡಿತು. ಭಾಗಗಳು ಗಡಿ ದಾಟಿ ಒಳಗೆ ಬಂದು ಕಾರಾದ ಮೇಲೆ ಸುಂಕ ಎಣಿಸುವುದು ಸುಂಕವಾಗದೆ ಒಳನಾಡಿನ ತೆರಿಗೆಯಾಗುತ್ತದೆಂಬುದು ಅಲ್ಲಿನ ನಿರ್ಣಯದ ತಿರುಳು. ಬಿಡಿ ರವಾನೆಗಳನ್ನು ಆಮೇಲೆ ಒಟ್ಟುಗೂಡಿಸಿ ನೋಡಬಯಸುವ ನಮ್ಮ ಇಲಾಖೆಯೂ ಅದನ್ನು ಮನಸ್ಸಿನಲ್ಲಿಡಬೇಕು.

ನನಗೆ ತೋರುವಂತೆ, ಎರಡು ಕೆಲಸ ಆಗಬೇಕಾಗಿದೆ. ಅಂತರವನ್ನು ಕುಗ್ಗಿಸಬೇಕು, ಬಿಚ್ಚಿದ್ದಕ್ಕೆ 15, ಅರೆಬಿಚ್ಚಿದ್ದಕ್ಕೆ 35, ಇಡಿಯಾದುದಕ್ಕೆ 70 ಎಂಬಷ್ಟು ಕಡಿದಾದ ಮೆಟ್ಟಿಲುಗಳಲ್ಲಿ ಯಾವ ಅಧಿಕಾರಿಯೂ ಯಾವ ವರ್ತಕನೂ ನೆಮ್ಮದಿಯಿಂದ ನಿಲ್ಲಲಾರರು. ಎರಡನೆಯದಾಗಿ, ದೊಡ್ಡ ಜೋಡಣೆಯ ಕಾರ್ಖಾನೆಗಳ ಆಮದಿನ ವರ್ಗೀಕರಣವನ್ನು ಮೊದಲ ರವಾನೆಗೂ ಮುಂಚೆ ದೆಹಲಿ, ಮುಂಬಯಿಗಳಲ್ಲಿ 2021ರಿಂದ ಕೆಲಸ ಮಾಡುತ್ತಿರುವ ಮುಂಗಡ ನಿರ್ಣಯ ಪ್ರಾಧಿಕಾರದ ಮುಂದೆ ಕಡ್ಡಾಯವಾಗಿ ತರಿಸಬೇಕು. ಹನ್ನೆರಡು ವರ್ಷ ಪೆಟ್ಟಿಗೆಗಳನ್ನು ಹಾದುಹೋಗಗೊಟ್ಟು, ಹದಿಮೂರನೆಯ ವರ್ಷ ಎಚ್ಚೆತ್ತು ಲೆಕ್ಕ ಕೇಳುವ ಇಲಾಖೆಯು, ವರ್ತಕನು ತಪ್ಪಿತಸ್ಥನೇ ಆಗಿದ್ದರೂ, ತನ್ನ ಕರ್ತವ್ಯವನ್ನು ಮಾಡಿದಂತಾಗುವುದಿಲ್ಲ.

ಇದನ್ನು ಬೇಗ ಮಾಡದಿದ್ದರೆ ವಿದ್ಯುತ್ ಕಾರುಗಳು ಹೊಸ ತಕರಾರನ್ನು ತಂದೇ ತರುತ್ತವೆ. ಅವುಗಳಲ್ಲಿ ಎಂಜಿನ್ನೂ ಇಲ್ಲ, ಹಳೆಯ ರೀತಿಯ ಗೇರ್‌ಬಾಕ್ಸೂ ಇಲ್ಲ. ಆದುದರಿಂದ ಅಧಿಸೂಚನೆಯಲ್ಲಿ ಬ್ಯಾಟರಿ ಪ್ಯಾಕ್, ಮೋಟಾರು, ಅದರ ನಿಯಂತ್ರಕ, ಚಾರ್ಜರ್ ಮುಂತಾದುವುಗಳ ಪಟ್ಟಿಯೊಂದನ್ನು ಮಾಡಿ, ಅವನ್ನು ಜೋಡಿಸಿ ತಂದರೇ ಬಿಡಿಯಾಗಿ ತಂದರೇ ಎಂದು ನೋಡಿ ದರವನ್ನು ಗೊತ್ತುಮಾಡಿದ್ದಾರೆ. ಈ ಪಟ್ಟಿ ಎಷ್ಟು ದಿನ ನಿಲ್ಲುವುದೋ ಕಾಣೆ. ಮೋಟಾರು, ನಿಯಂತ್ರಕ, ಗೇರು ಮೂರನ್ನೂ ಒಂದೇ ಕವಚದಲ್ಲಿ ಅಡಗಿಸಿ ಅಚ್ಚಿಗೇ ಕೂಡಿಸುವ ಘಟಕಗಳು ಈಗಾಗಲೇ ಮಾರುಕಟ್ಟೆಯಲ್ಲಿವೆ. ಅಂಥದನ್ನು ಬಿಚ್ಚಿ ತರುವುದೂ ಕಷ್ಟ, ಬಿಚ್ಚಿಲ್ಲವೆಂದು ಶೇಕಡ 35ರ ಸಾಲಿಗೆ ಸೇರಿಸುವುದೂ ಅಷ್ಟೇ ವಿಚಿತ್ರ.