ಮನೆಯಲ್ಲೇ ಮಾಡಿದ ಸೌರಫಲಕ: ಬಿಲ್ಲಿಗಲ್ಲ, ಪಾಠಕ್ಕೆ

ಬೋಧನಾಭ್ಯಾಸದ ವಿಜ್ಞಾನ ಪಾಠಗಳಲ್ಲಿ ಸೌರಫಲಕದ ಮಾದರಿ ಆಗಾಗ ಕಾಣಿಸುತ್ತದೆ. ಥರ್ಮೋಕೋಲಿನ ಮನೆ, ಅದರ ಚಾವಣಿಗೆ ಅಂಟಿಸಿದ ನಾಲ್ಕು ಪುಟ್ಟ ಕೋಶಗಳು, ಒಳಗೊಂದು ಎಲ್‌ಇಡಿ. ಪಾಠದ ಕೊನೆಗೆ ಪ್ರಶಿಕ್ಷಣಾರ್ಥಿ ಹೇಳುವ ಮಾತೂ ಹೆಚ್ಚುಕಡಿಮೆ ಒಂದೇ: ಇಂಥ ಫಲಕವನ್ನು ಅಗ್ಗದಲ್ಲಿ ನಾವೇ ಮಾಡಿಕೊಂಡರೆ ಕರೆಂಟ್ ಬಿಲ್ ಉಳಿಸಬಹುದು. ಮಾದರಿಯ ಬಗ್ಗೆ ನನ್ನ ತಕರಾರಿಲ್ಲ, ಈ ಮಾತಿನ ಬಗ್ಗೆ ಇದೆ.

ಲೆಕ್ಕ ಹಾಕಿ ನೋಡೋಣ. ಸಿಲಿಕಾನ್ ಕೋಶ ಅಂಗೈಯಗಲ ಇರಲಿ, ಉಗುರಿನಷ್ಟಿರಲಿ, ಕೊಡುವುದು ಸುಮಾರು ಅರ್ಧ ವೋಲ್ಟ್. ವಿಸ್ತೀರ್ಣದೊಂದಿಗೆ ಹೆಚ್ಚುವುದು ವಿದ್ಯುತ್ ಪ್ರವಾಹ. 12 ವೋಲ್ಟಿನ ಬ್ಯಾಟರಿ ಚಾರ್ಜ್ ಮಾಡಲು ಸಾಮಾನ್ಯವಾಗಿ 36 ಕೋಶಗಳನ್ನು ಸರಣಿಯಲ್ಲಿ ಬೆಸೆಯುತ್ತಾರೆ. ಹೀಗೆ ಕಷ್ಟಪಟ್ಟು 50 ವ್ಯಾಟಿನ ಫಲಕ ಮಾಡಿದೆವು ಎಂದಿಟ್ಟುಕೊಳ್ಳಿ. ದಿನಕ್ಕೆ ಐದು ಗಂಟೆ ಪೂರ್ಣ ಬಿಸಿಲು ಹಿಡಿದರೆ 250 ವ್ಯಾಟ್-ಗಂಟೆ, ಅಂದರೆ ಕಾಲು ಯೂನಿಟ್. ತಿಂಗಳಿಗೆ ಏಳೂವರೆ. ಧೂಳು, ಶಾಖ, ಬ್ಯಾಟರಿಯ ನಷ್ಟ ಕಳೆದರೆ ಐದು ಯೂನಿಟ್ ಉಳಿದೀತು. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಉಳಿತಾಯ 30 ರೂಪಾಯಿ. ಬ್ಯಾಟರಿಯನ್ನಂತೂ ಕೆಲವು ವರ್ಷಕ್ಕೊಮ್ಮೆ ಬದಲಿಸಲೇಬೇಕು. 75 ವ್ಯಾಟಿನ ಹಳೆಯ ಫ್ಯಾನ್ ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ, ದಿನಕ್ಕೆ ಹತ್ತು ಗಂಟೆಗೆ 450 ವ್ಯಾಟ್-ಗಂಟೆ ಉಳಿಯುತ್ತದೆ. ಜೊತೆಗೆ, ನಮ್ಮ ರಾಜ್ಯದಲ್ಲಿ 2023ರಿಂದ ಗೃಹಜ್ಯೋತಿ ಯೋಜನೆಯಿದ್ದು, ಮಿತಿಯೊಳಗೆ ಬಳಸುವ ಮನೆಗಳಿಗೆ ಶೂನ್ಯ ಬಿಲ್ ಬರುತ್ತಿದೆ. ಅಂಥ ಮನೆಯ ಮಗು ಯಾವ ಬಿಲ್ ಉಳಿಸಬೇಕು?

ಮಕ್ಕಳಿಗೆ ಉತ್ಸಾಹ ಬರಲೆಂದು ಸ್ವಲ್ಪ ಹೆಚ್ಚು ಹೇಳಿದರೆ ತಪ್ಪೇನು ಎನ್ನುವವರಿದ್ದಾರೆ. ಹಳ್ಳಿಯ ಮಕ್ಕಳು ಮೇಷ್ಟ್ರ ಮಾತನ್ನು ಮನೆಗೆ ಒಯ್ಯುತ್ತಾರೆ, ಅಪ್ಪನಿಂದ ದುಡ್ಡು ಹಾಕಿಸುತ್ತಾರೆ. ಕೈಯಿಂದ ಮುಚ್ಚಿದ ಫಲಕದೊಳಗೆ ಒಂದು ಮಳೆಗಾಲದಲ್ಲೇ ತೇವ ಸೇರಬಹುದು. ಸಡಿಲ ಬೆಸುಗೆ ಕಾದು ಮರದ ಚೌಕಟ್ಟನ್ನೂ ಸುಡಬಹುದು. ಯಾರಾದರೂ ಇನ್ವರ್ಟರ್ ಇಟ್ಟು ಮನೆಯ ಪ್ಲಗ್ಗಿಗೇ ಜೋಡಿಸಿಬಿಟ್ಟರೆ, ಲೈನ್ ಆಫ್ ಆಗಿದೆಯೆಂದು ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಅಪಾಯ. ನಿಜವಾಗಿ ಬಿಲ್ ಇಳಿಸಬೇಕೆನ್ನುವವರಿಗೆ ಪಿಎಂ ಸೂರ್ಯಘರ್ ಯೋಜನೆಯಿದೆ. 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ. ಮನೆಯಲ್ಲಿ ಬೆಸೆದ ಫಲಕಕ್ಕೆ ಅದು ಸಿಗುವುದಿಲ್ಲ.

ಹಾಗಾದರೆ ಮಾದರಿ ಬೇಡವೇ? ಖಂಡಿತ ಬೇಕು. ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣ ಸಿಗುವುದು ಕಷ್ಟ. ನಾಲ್ಕು ಕೋಶ ಸರಣಿಯಲ್ಲಿಟ್ಟು ಬಿಸಿಲಿಗೆ ಹಿಡಿದರೆ ಕೆಂಪು ಎಲ್‌ಇಡಿ ಹೊತ್ತಿಕೊಳ್ಳುತ್ತದೆ, ಬಿಳಿಯದು ಹೊತ್ತುವುದಿಲ್ಲ. ಯಾಕೆ ಎಂದು ಮಕ್ಕಳೇ ಕೇಳುತ್ತಾರೆ. ಕೆಂಪಿಗೆ ಎರಡು ವೋಲ್ಟಿನ ಆಸುಪಾಸು ಸಾಕು, ಬಿಳಿಗೆ ಸುಮಾರು ಮೂರು ಬೇಕು. ಇನ್ನೂ ಎರಡು ಮೂರು ಕೋಶ ಸೇರಿಸಿ ನೋಡಲಿ. ಆಮೇಲೆ ಒಂದೇ ಒಂದು ಕೋಶವನ್ನು ರಟ್ಟಿನಿಂದ ಮುಚ್ಚಿಸಿ. ಇಡೀ ಸರಣಿಯ ಪ್ರವಾಹ ಬಿದ್ದುಹೋಗುತ್ತದೆ. ಸರಣಿ ಜೋಡಣೆಯೆಂದರೇನು ಎಂದು ಕಪ್ಪುಹಲಗೆಯ ಮೇಲೆ ಹತ್ತು ಸಲ ಬರೆದರೂ ಇಷ್ಟು ಮನಸ್ಸಿಗೆ ಹತ್ತದು. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ, ಮೂರಕ್ಕೆ ಅಳೆದು ನಕ್ಷೆ ಬರೆಸಬಹುದು. ಬಿಲ್ಲಿನ ಲೆಕ್ಕವನ್ನೂ ಮಕ್ಕಳೇ ಮಾಡಲಿ, 30 ರೂಪಾಯಿ ಅವರ ಕೈಯಿಂದಲೇ ಬರಲಿ.

ಇದಾಗದಿರಲು ಒಂದು ಕಾರಣ ನಮ್ಮ ಅವಲೋಕನ ನಮೂನೆಯಲ್ಲೇ ಇದೆ. ಬೋಧನೋಪಕರಣದ ಅಂದಕ್ಕೆ ಅಂಕವಿದೆ, ಅದು ಕೆಲಸ ಮಾಡಿತೇ ಎಂಬುದಕ್ಕೆ ಕಾಲಂ ಇಲ್ಲ. ಅದಕ್ಕೇ ಕೆಲವು ಥರ್ಮೋಕೋಲ್ ಮನೆಗಳೊಳಗೆ ಪೆನ್‌ಸೆಲ್ ಅಡಗಿ ಕೂತಿರುತ್ತದೆ. ಕಿಟಕಿ ಮುಚ್ಚಿದ ಕೊಠಡಿಯಲ್ಲೂ ಸೌರದೀಪ ಉರಿಯುತ್ತದೆ! ಮುಂದಿನ ಬೋಧನಾಭ್ಯಾಸಕ್ಕೆ ಮುಂಚೆ ನಮೂನೆಗೆ ಎರಡು ಸಾಲು ಸೇರಿಸೋಣ: ಉಪಕರಣದಿಂದ ಮಕ್ಕಳು ಏನನ್ನು ಅಳೆದರು, ಅಳತೆ ಎಷ್ಟು ಬಂತು. ಕಾಲೇಜಿನ ಪ್ರಯೋಗಾಲಯದ ಮಲ್ಟಿಮೀಟರ್‌ಗಳನ್ನು ಬೀರುವಿನಿಂದ ತೆಗೆದು ಶಾಲೆಗೆ ಹೋಗುವ ಪ್ರತಿ ತಂಡಕ್ಕೂ ಒಂದೊಂದು ಕೊಡೋಣ.